ಕಟ್ಟಡದ ಲೇಔಟ್‌ಗೆ ರೋಬೋಟಿಕ್ ಟೋಟಲ್ ಸ್ಟೇಷನ್: ಯಾವ ಸಾಫ್ಟ್‌ವೇರ್, ಯಾವ ಉಪಕರಣ?

ಡ್ರಾಯಿಂಗ್‌ನ ಪಾಯಿಂಟುಗಳನ್ನು ನೆಲದ ಮೇಲೆ ಗುರುತಿಸುವುದೇ ಲೇಔಟ್. ಅದಕ್ಕೆ ಬಳಸುವ ಟೋಟಲ್ ಸ್ಟೇಷನ್ ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಉಪಕರಣ; ರೋಬೋಟಿಕ್ ಆದರೆ ಮೋಟಾರಿನಿಂದ ತಾನೇ ತಿರುಗಿ, ಪೋಲಿನ (ಕೋಲಿನ) ಮೇಲೆ ಹಿಡಿದ ಪ್ರಿಸಮ್ಮನ್ನು, ಅಂದರೆ ಬೆಳಕನ್ನು ವಾಪಸ್ ಕಳಿಸುವ ಗಾಜಿನ ಗುರಿಯನ್ನು, ಹಿಂಬಾಲಿಸುತ್ತದೆ. ಕೊಟೇಶನ್‌ಗಳನ್ನು ಮುಂದಿಟ್ಟುಕೊಂಡ ಗುತ್ತಿಗೆದಾರರೂ ಸೈಟ್ ಎಂಜಿನಿಯರ್‌ಗಳೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಒಂದು ಸೆಕೆಂಡಿನ ರೋಬೋಟಿಕ್ ಟೋಟಲ್ ಸ್ಟೇಷನ್ ಬೇಕೇ, ಅದಕ್ಕಿಂತ ಅಗ್ಗದ ಐದು ಸೆಕೆಂಡಿನ ಲೇಔಟ್ ರೋಬೋಟ್ ಸಾಕೇ, ಇಲ್ಲವೇ ಜಿಎನ್‌ಎಸ್‌ಎಸ್ ರೋವರ್ (ಉಪಗ್ರಹಗಳಿಂದ ಸ್ಥಾನ ತಿಳಿಯುವ, ಕೈಯಲ್ಲಿ ಒಯ್ಯುವ ಸಾಧನ) ಒಂದರಲ್ಲೇ ಎಲ್ಲ ಮುಗಿಯುತ್ತದೆಯೇ? ಇಲ್ಲಿ ಸೆಕೆಂಡು ಎಂದರೆ ಸಮಯವಲ್ಲ, ಕೋನದ ಅಳತೆ: ಡಿಗ್ರಿಯ 3600ನೇ ಒಂದು ಭಾಗ. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಇರುವುದು ಈ ಕೋನದ ನಿಖರತೆ. ಸೈಟ್‌ನಲ್ಲಿ ಕಾಲಂ ಜಾಗ ತಪ್ಪುವುದು ಬಹುಪಾಲು ಬೇರೆ ಕಾರಣಗಳಿಂದ: ಓರೆಯಾದ ಪೋಲ್, ತಪ್ಪು ಪ್ರಿಸಂ ಕಾನ್‌ಸ್ಟಂಟ್ (ಪ್ರಿಸಮ್ಮಿಗೆ ತಕ್ಕಂತೆ ದೂರಕ್ಕೆ ಮಾಡುವ ತಿದ್ದುಪಡಿ), ಹಳೆಯ ರಿವಿಷನ್ನಿನ ಡ್ರಾಯಿಂಗ್, ಯುಟಿಎಂ (ಭೂಮಿಯನ್ನು ಚಪ್ಪಟೆ ನಕ್ಷೆಗಿಳಿಸುವ ಗ್ರಿಡ್) ಅಂಕಿಗಳನ್ನು ಹಾಗೆಹಾಗೇ ನೆಲಕ್ಕಿಳಿಸಿದ್ದು. ಆದ್ದರಿಂದ ಡ್ರಾಯಿಂಗ್‌ನಿಂದ ನೆಲದವರೆಗಿನ ದಾರಿಯನ್ನು ನಿಭಾಯಿಸುವ ಸಾಫ್ಟ್‌ವೇರನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅದಕ್ಕೆ ಹೊಂದುವ ಉಪಕರಣ ಆಮೇಲೆ.

ಎಷ್ಟು ಮಿಲಿಮೀಟರ್ ಬೇಕು?

ಮೊದಲು ನಿಮ್ಮ ಕೆಲಸದ ಟಾಲರೆನ್ಸ್ ಬರೆದಿಟ್ಟುಕೊಳ್ಳಿ. ಶಟರಿಂಗ್‌ನಲ್ಲಿ ಕಾಲಂ, ಬೀಮುಗಳ ಅಡ್ಡಳತೆಗೆ ಐಎಸ್ 456:2000 ಕೊಡುವ ಅವಕಾಶ +12, −6 ಮಿ.ಮೀ. ಪಾಯದ ಪ್ಲಾನ್ ಅಳತೆಗೆ +50, −12. ಕಾಲಂ ಗ್ರಿಡ್ ಲೈನ್‌ನಿಂದ ಎಷ್ಟು ಸರಿಯಬಹುದು ಎಂಬುದು ನಿಮ್ಮ ಗುತ್ತಿಗೆಯ ಸ್ಪೆಸಿಫಿಕೇಶನ್‌ನಲ್ಲಿರುತ್ತದೆ, ಅದನ್ನು ಹುಡುಕಿ ಓದಿ. ಸ್ಟೀಲ್ ಕಾಲಂಗಳ ಆಂಕರ್ ಬೋಲ್ಟ್ ಇದ್ದರೆ ಲೆಕ್ಕ ಸಾಮಾನ್ಯವಾಗಿ 2-3 ಮಿ.ಮೀ.ಗೆ ಇಳಿಯುತ್ತದೆ. ಉಪಕರಣದ ತಪ್ಪು ಟಾಲರೆನ್ಸಿನ ಮೂರನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. ಉಳಿದ ಪಾಲು ಪೋಲಿಗೆ, ಕಂಟ್ರೋಲ್ ಪಾಯಿಂಟಿಗೆ (ಸ್ಥಾನ ಮೊದಲೇ ಗೊತ್ತಿರುವ ಗುರುತಿಗೆ), ಗುರುತು ಹಾಕುವ ಕೈಗೆ ಬೇಕು.

ಈಗ ಕೋನದ ಲೆಕ್ಕ. ಐದು ಸೆಕೆಂಡಿನ ಉಪಕರಣ 50 ಮೀಟರಿನಲ್ಲಿ 1.2 ಮಿ.ಮೀ., 100 ಮೀಟರಿನಲ್ಲಿ 2.4, 300 ಮೀಟರಿನಲ್ಲಿ 7 ಮಿ.ಮೀ.ಗಿಂತ ತುಸು ಹೆಚ್ಚು ಆಚೀಚೆ ಆಗಬಹುದು. ಒಂದು ಸೆಕೆಂಡಿನದು 300 ಮೀಟರಿನಲ್ಲೂ ಒಂದೂವರೆ ಮಿ.ಮೀ. ಒಳಗೇ. ಒಂದು ಅಪಾರ್ಟ್‌ಮೆಂಟ್ ಟವರಿನ ಸ್ಲ್ಯಾಬ್ ಮೇಲೆ ಉಪಕರಣದಿಂದ ಪಾಯಿಂಟಿಗೆ 40 ಮೀಟರ್ ಮೀರುವುದು ಅಪರೂಪ. ಅಲ್ಲಿ ಒಂದು ಸೆಕೆಂಡಿಗೆ ಹೆಚ್ಚು ಹಣ ಕೊಟ್ಟು ಉಳಿಸುವುದು ಒಂದು ಮಿಲಿಮೀಟರಿಗಿಂತ ಕಡಿಮೆ.

ಅದೇ ಹೊತ್ತಿಗೆ ಪೋಲ್ ಏನು ಮಾಡುತ್ತಿರುತ್ತದೆ ನೋಡಿ. ಸಾಮಾನ್ಯ ಪ್ರಿಸಂ ಪೋಲಿನ ಬಬಲ್ ಎರಡು ಮಿಲಿಮೀಟರ್ ಸರಿದರೆ ಪೋಲ್ 8 ನಿಮಿಷ (ಇದೂ ಕೋನವೇ, 60 ನಿಮಿಷಕ್ಕೆ ಒಂದು ಡಿಗ್ರಿ) ಓರೆಯಾಗಿದೆ ಎಂದರ್ಥ. ಪ್ರಿಸಂ ಎರಡು ಮೀಟರ್ ಎತ್ತರದಲ್ಲಿದ್ದರೆ ತುದಿಯಲ್ಲಿ 4.6 ಮಿ.ಮೀ. ತಪ್ಪು. ಅಗ್ಗದ ಪೋಲುಗಳ ಬಬಲ್ 40 ನಿಮಿಷದ್ದಿರುತ್ತದೆ, ಅದರಲ್ಲಿ ಅಷ್ಟೇ ಸರಿತಕ್ಕೆ ತಪ್ಪು 23 ಮಿ.ಮೀ. ಪೋಲನ್ನು ಬಿಟ್ಟು, ಮಿನಿ ಪ್ರಿಸಂ ಅನ್ನು ನೆಲದಿಂದ 10 ಸೆಂ.ಮೀ. ಎತ್ತರದಲ್ಲಿ ಮೊನೆಯ ಮೇಲೆ ಹಿಡಿದರೆ ಅದೇ 8 ನಿಮಿಷದ ಓರೆಗೆ ತಪ್ಪು ಕಾಲು ಮಿಲಿಮೀಟರ್. ಆಂಕರ್ ಬೋಲ್ಟ್ ಕೆಲಸಕ್ಕೆ ಒಳ್ಳೆಯ ಮಿನಿ ಪ್ರಿಸಂ ಕಿಟ್ ಕೊಳ್ಳುವುದು, ಐದು ಸೆಕೆಂಡಿನಿಂದ ಒಂದು ಸೆಕೆಂಡಿಗೆ ಏರುವುದಕ್ಕಿಂತ ಎಷ್ಟೋ ಪಾಲು ಲಾಭದ್ದು.

ನಮ್ಮ ನೆಲದ ಎರಡು ಲೆಕ್ಕ

ಯಾವ ಕಂಪನಿಯ ಡೆಮೊದಲ್ಲೂ ಇವು ಸಾಮಾನ್ಯವಾಗಿ ಬರುವುದಿಲ್ಲ. ಕರ್ನಾಟಕದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಇವೆರಡೂ ಸಾಫ್ಟ್‌ವೇರ್ ಆಯ್ಕೆಯನ್ನೇ ಬದಲಿಸುವಂಥವು.

ಮೊದಲನೆಯದು ಗಾಳಿಯ ಒತ್ತಡ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ನಿಜವಾದ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ಉಪಕರಣದ ಡೀಫಾಲ್ಟ್ 1013. ತೆಳುವಾದ ಗಾಳಿಯಲ್ಲಿ ಬೆಳಕು ತುಸು ಬೇಗ ಓಡುವುದರಿಂದ ದೂರ ಕಡಿಮೆ ಓದುತ್ತದೆ. 28 ಡಿಗ್ರಿ ಸೆಲ್ಸಿಯಸ್ ಬಿಸಿಲೂ ಸೇರಿದರೆ ತಿದ್ದುಪಡಿ ಸುಮಾರು 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು). ಅಂದರೆ 100 ಮೀಟರಿಗೆ 4 ಮಿ.ಮೀ., 300 ಮೀಟರಿಗೆ 12. ಬಹಳ ಜನ ಮೊಬೈಲಿನ ಹವಾಮಾನ ಆ್ಯಪ್ ನೋಡಿ 1012 ಎಂದು ತುಂಬುತ್ತಾರೆ. ಅದು ಸಮುದ್ರ ಮಟ್ಟಕ್ಕೆ ಇಳಿಸಿದ ಅಂಕಿ. ಅದನ್ನು ತುಂಬಿದರೆ ಒತ್ತಡದ ತಿದ್ದುಪಡಿ ಆಗಲೇ ಇಲ್ಲ ಎಂದಾಯಿತು. ಸೈಟಿನ ಎತ್ತರ ಕೊಟ್ಟರೆ ಒತ್ತಡವನ್ನು ತಾನೇ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಿವೆ. ನೀವು ನೋಡುತ್ತಿರುವುದರಲ್ಲಿ ಆ ಸೌಲಭ್ಯ ಇದೆಯೇ ಎಂದು ಕೇಳಿ. ಮಂಗಳೂರು, ಕಾರವಾರದ ಕಡೆ ಒತ್ತಡದ ಚಿಂತೆ ಇಲ್ಲ, ತಾಪಮಾನ ತುಂಬಿದರೆ ಸಾಕು.

ಎರಡನೆಯದು ಯುಟಿಎಂ ಗ್ರಿಡ್, ಇದರ ಪೆಟ್ಟು ಇನ್ನೂ ದೊಡ್ಡದು. ಕರ್ನಾಟಕದ ಬಹುಭಾಗ ಬೀಳುವ 43ನೇ ವಲಯದ ನಡುಗೆರೆ 75 ಡಿಗ್ರಿ ಪೂರ್ವ ರೇಖಾಂಶ. ಬೆಂಗಳೂರು ಅಲ್ಲಿಂದ ಪೂರ್ವಕ್ಕೆ ಎರಡೂವರೆ ಡಿಗ್ರಿಗೂ ಮೀರಿ ಸರಿದಿದೆ. ಗ್ರಿಡ್‌ನ ಹಿಗ್ಗುವಿಕೆಯಲ್ಲಿ ಎತ್ತರದಿಂದಾಗುವ ತಗ್ಗನ್ನು ಕಳೆದರೂ ನೆಲದ ಮೇಲಿನ 100 ಮೀಟರ್ ಗ್ರಿಡ್‌ನಲ್ಲಿ 100.045 ಆಗುತ್ತದೆ. ಹಾಗಾಗಿ 100 ಮೀಟರ್ ಉದ್ದದ ಕಟ್ಟಡದ ಮೂಲೆಗಳನ್ನು ಯುಟಿಎಂ ಅಂಕಿಗಳಿಂದ ರೋವರ್‌ನಲ್ಲಿ ನೇರ ಇಳಿಸಿದರೆ ಕಟ್ಟಡ ನಾಲ್ಕೂವರೆ ಸೆಂ.ಮೀ. ಗಿಡ್ಡವಾಗುತ್ತದೆ. ಮಂಗಳೂರಿನಲ್ಲಿ ತಿರುವುಮುರುವು, ಅಲ್ಲಿ ಸುಮಾರು 4 ಸೆಂ.ಮೀ. ಉದ್ದವಾಗುತ್ತದೆ. ಮೈಸೂರಿನಲ್ಲಿ ವ್ಯತ್ಯಾಸ ಸೆಂಟಿಮೀಟರಿನಷ್ಟೇ ಇರುವುದರಿಂದ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. ಇನ್ನು ಕೋಲಾರ 78 ಡಿಗ್ರಿಯ ಆಚೆಗಿದೆ, ಅದು 44ನೇ ವಲಯ. ಬೆಂಗಳೂರಿನಿಂದ ಆ ಕಡೆ ಹೋಗುವ ರಸ್ತೆ ಕೆಲಸದಲ್ಲಿ ದಾರಿ ಮಧ್ಯೆ ವಲಯವೇ ಬದಲಾಗುತ್ತದೆ.

ಆದ್ದರಿಂದ ಸಾಫ್ಟ್‌ವೇರ್‌ನಲ್ಲಿ ಸೈಟ್ ಲೋಕಲೈಸೇಶನ್ (ಗ್ರಿಡ್ ಅಂಕಿಗಳನ್ನು ಸೈಟಿನ ನೆಲದ ಅಳತೆಗೆ ಹೊಂದಿಸುವುದು) ಇರಲೇಬೇಕು: ಕನಿಷ್ಠ ನಾಲ್ಕು ಕಂಟ್ರೋಲ್ ಪಾಯಿಂಟ್ ಕೊಟ್ಟಾಗ ಸ್ಕೇಲ್ ಎಷ್ಟು ಬಂತು, ಪ್ರತಿ ಪಾಯಿಂಟಿನಲ್ಲಿ ಎಷ್ಟು ಉಳಿಕೆ ತಪ್ಪು ಎಂದು ತೋರಿಸಬೇಕು. ಟೋಟಲ್ ಸ್ಟೇಷನ್ ಕಡೆ ಸ್ಕೇಲ್ ಫ್ಯಾಕ್ಟರ್ 1.000000 ಇದೆಯೇ, ಹಿಂದಿನ ಕೆಲಸದ್ದು ಉಳಿದುಕೊಂಡಿದೆಯೇ ಎಂಬುದು ಮೊದಲ ಪರದೆಯಲ್ಲೇ ಕಾಣಬೇಕು. ಮೂರು ಮೆನು ಒಳಗೆ ಹೋಗಿ ಹುಡುಕಬೇಕಾದ ಸೆಟ್ಟಿಂಗನ್ನು ಬೆಳಗ್ಗೆ ಏಳಕ್ಕೆ ಕಾಂಕ್ರೀಟ್ ಲಾರಿ ಕಾಯುತ್ತಿರುವಾಗ ಯಾರೂ ನೋಡುವುದಿಲ್ಲ.

ಉಪಕರಣಗಳು, ಒಂದೊಂದಾಗಿ

ಕೈಯಿಂದ ತಿರುಗಿಸುವ ಟೋಟಲ್ ಸ್ಟೇಷನ್ ಈಗಾಗಲೇ ಇದ್ದರೆ ಅದನ್ನು ಮೂಲೆಗೆ ತಳ್ಳಬೇಡಿ. ಎರಡು ಸೆಕೆಂಡಿನ ಒಳ್ಳೆಯ ಉಪಕರಣಕ್ಕೆ ಬ್ಲೂಟೂತ್ ಇದ್ದರೆ ಟ್ಯಾಬ್ಲೆಟ್ ಒಂದನ್ನು ಜೋಡಿಸಿ, ಡ್ರಾಯಿಂಗ್ ತೆರೆದು ಗೆರೆ ಮುಟ್ಟಿ ಲೇಔಟ್ ಮಾಡಬಹುದು. ದಿನಕ್ಕೆ ಮೂವತ್ತು ನಲವತ್ತು ಪಾಯಿಂಟ್ ಇರುವ ಸಣ್ಣ ಕಟ್ಟಡಗಳಿಗೆ ಇಷ್ಟೇ ಸಾಕು. ತೊಂದರೆ ಎಂದರೆ ಲೆಕ್ಕ ತೋರುವುದು ಉಪಕರಣದ ಹತ್ತಿರ, ಗುರುತು ಬೀಳುವುದು ಪೋಲಿನ ಹತ್ತಿರ. ನಡುವೆ ಕೂಗಾಟ, ಕೈಸನ್ನೆ. ‘ಇನ್ನೂ ಹನ್ನೆರಡು ಎಡಕ್ಕೆ’ ಎಂದದ್ದು ಯಾರ ಎಡ ಎಂಬಲ್ಲೇ ತಪ್ಪಾಗುತ್ತದೆ.

ಎರಡನೆಯ ಬಗೆ, ಕಟ್ಟಡದ ಒಳಗಿನ ಲೇಔಟ್‌ಗೆಂದೇ ಮಾಡಿದ ರೋಬೋಟ್. ಟಾಪ್‌ಕಾನ್ ಎಲ್‌ಎನ್-150 ಇದಕ್ಕೆ ಒಳ್ಳೆಯ ಉದಾಹರಣೆ. ದುರ್ಬೀನಿಲ್ಲ, ಲೆವೆಲ್ ತಾನೇ ಮಾಡಿಕೊಳ್ಳುತ್ತದೆ, ಐದು ಸೆಕೆಂಡಿನ ಕೋನ, ಸುಮಾರು 130 ಮೀಟರ್ ವ್ಯಾಪ್ತಿ. ಹಿಲ್ಟಿಯ ಪಿಎಲ್‌ಟಿ ಸರಣಿಯದೂ ಇದೇ ದಾರಿ. ಸರ್ವೆ ತರಬೇತಿ ಇಲ್ಲದ ಫೋರ್‌ಮನ್, ಎಂಇಪಿ (ವಿದ್ಯುತ್, ಕೊಳಾಯಿ, ಹವಾನಿಯಂತ್ರಣ) ಗುತ್ತಿಗೆದಾರರ ಹುಡುಗರು ಕೆಲವೇ ದಿನದಲ್ಲಿ ಕಲಿತುಕೊಳ್ಳಬಹುದು. ಹ್ಯಾಂಗರ್, ಸ್ಲೀವ್, ಒಳಗೋಡೆಯ ಗೆರೆಗೆ ಇದು ಚೆನ್ನಾಗಿ ಒದಗುತ್ತದೆ. ಆದರೆ ದುರ್ಬೀನಿಲ್ಲದ ಉಪಕರಣದಲ್ಲಿ ಪಕ್ಕದ ಕಟ್ಟಡದ ಮೇಲಿನ ಗುರುತಿಗೆ ಕಣ್ಣಿಟ್ಟು ನೋಡಲಾಗದು, ಎರಡೂ ಮುಖದಲ್ಲಿ ಓದಿ ತಪ್ಪು ಕಳೆಯುವ ಹಳೆಯ ಶಿಸ್ತು ಇಲ್ಲಿ ನಡೆಯದು. ಸೈಟಿನ ಮೂಲ ಕಂಟ್ರೋಲ್ ಸ್ಥಾಪಿಸಲು ಇದನ್ನು ನೆಚ್ಚಬೇಡಿ.

ಮೂರನೆಯದು ಪೂರ್ಣ ರೋಬೋಟಿಕ್ ಟೋಟಲ್ ಸ್ಟೇಷನ್: ಲೈಕಾ ಟಿಎಸ್16, ಐಕಾನ್ ಐಸಿಆರ್80, ಟ್ರಿಂಬಲ್ ಎಸ್5, ಎಸ್7, ಟಾಪ್‌ಕಾನ್ ಜಿಟಿ, ಸೊಕಿಯಾ ಐಎಕ್ಸ್ ಸರಣಿಗಳು. ಬೆಲೆ ಕೈ ಉಪಕರಣದ ಹಲವು ಪಟ್ಟು, ಮೇಲೆ 18% ಜಿಎಸ್‌ಟಿ. ಕಂಟ್ರೋಲ್, ಲೇಔಟ್, ಆ್ಯಸ್-ಬಿಲ್ಟ್ (ಕಟ್ಟಿ ಮುಗಿದದ್ದರ ಅಳತೆ), ಕಟ್ಟಡ ಓರೆಯಾಗುತ್ತಿದೆಯೇ ಎಂಬ ನಿಗಾ, ಎಲ್ಲವೂ ಒಂದರಲ್ಲೇ. ಇವುಗಳ ನಡುವೆ ಆರಿಸುವಾಗ ಕೋನಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು, ಪ್ರಿಸಂ ಕಾಲಂ ಹಿಂದೆ ಮರೆಯಾಗಿ ಬಂದಾಗ ಎಷ್ಟು ಬೇಗ ಮತ್ತೆ ಹಿಡಿಯುತ್ತದೆ, ಮತ್ತು ಹಿಡಿದದ್ದು ನಿಮ್ಮ ಪ್ರಿಸಮ್ಮೇನಾ ಎಂಬುದು. ಸೈಟ್‌ನಲ್ಲಿ ಹೊಳೆಯುವ ಪಟ್ಟಿಯ ಜಾಕೆಟ್, ಲಾರಿಯ ರಿಫ್ಲೆಕ್ಟರ್, ಇನ್ನೊಬ್ಬ ಸರ್ವೇಯರ್‌ನ ಪ್ರಿಸಂ ಎಲ್ಲವೂ ಬೆಳಕು ವಾಪಸ್ ಕಳಿಸುತ್ತವೆ. ಟ್ರಿಂಬಲ್‌ನ ಎಂಟಿ1000ದಂಥ, ತನ್ನದೇ ಗುರುತು ಸಂಖ್ಯೆ ಕಳಿಸುವ ಸಕ್ರಿಯ ಪ್ರಿಸಂ ಇದ್ದರೆ ಈ ಗೊಂದಲ ತಪ್ಪುತ್ತದೆ. ಆದರೆ ಅದಕ್ಕೆ ಬ್ಯಾಟರಿ ಬೇಕು, ಬಿದ್ದು ಒಡೆದರೆ ಖರ್ಚೂ ಜಾಸ್ತಿ. ಒಂದೇ ಸೈಟ್‌ನಲ್ಲಿ ಎರಡು ತಂಡ ಕೆಲಸ ಮಾಡುತ್ತಿದ್ದರೆ ಆ ಖರ್ಚು ಯೋಗ್ಯ. ಒಂದೇ ತಂಡವಾದರೆ ಸಾಮಾನ್ಯ 360 ಡಿಗ್ರಿ ಪ್ರಿಸಂ ಸಾಕು.

ವಿದೇಶದಲ್ಲಿ ರೋಬೋಟಿಕ್ ಮಾರುವವರ ಮುಖ್ಯ ವಾದ ‘ಒಬ್ಬ ಆಳು ಉಳಿಯುತ್ತಾನೆ’ ಎಂಬುದು. ನಮ್ಮಲ್ಲಿ ಆ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ. ಹೆಲ್ಪರ್ ಸಂಬಳ ಉಳಿಸಿ ಈ ಬೆಲೆ ತೀರಿಸಲು ಬಹಳ ವರ್ಷ ಬೇಕು. ಜೊತೆಗೆ ಉಪಕರಣವನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ, ಗಾಳಿ, ಕ್ರೇನ್, ಟಿಪ್ಪರ್, ಕಳ್ಳತನ ಎಲ್ಲವೂ ಇವೆ. ಕಾಯಲು ಒಬ್ಬ ಬೇಕೇ ಬೇಕು. ನಿಜವಾದ ಲಾಭ ಬೇರೆ: ಪಾಯಿಂಟಿನ ಮೇಲೆ ನಿಂತವನೇ ಪರದೆಯಲ್ಲಿ ತಪ್ಪು ಎಷ್ಟೆಂದು ನೋಡುತ್ತಾನೆ, ಗುರುತು ಹಾಕಿದ ಮೇಲೆ ಮತ್ತೆ ಓದಿ ದಾಖಲಿಸುತ್ತಾನೆ. ಒಂದು ಕಾಲಂ ಸ್ಟಾರ್ಟರ್ ಒಡೆದು ಮತ್ತೆ ಹಾಕುವ ಖರ್ಚಿನ ಎದುರು ಈ ಹಣವನ್ನು ತೂಗಿ ನೋಡಿ.

ಜಿಎನ್‌ಎಸ್‌ಎಸ್ ರೋವರ್ ಬಯಲಿನ ಕೆಲಸಕ್ಕೆ. ಆರ್‌ಟಿಕೆಯಲ್ಲಿ (ಸ್ಥಿರ ಬೇಸ್‌ನಿಂದ ಆಗಿಂದಾಗ್ಗೆ ತಿದ್ದುಪಡಿ ಪಡೆಯುವ ವಿಧಾನದಲ್ಲಿ) ಸಾಮಾನ್ಯವಾಗಿ ಹೇಳುವ ನಿಖರತೆ ಅಡ್ಡಕ್ಕೆ 8 ಮಿ.ಮೀ. + 1 ಪಿಪಿಎಂ, ಎತ್ತರಕ್ಕೆ 15 ಮಿ.ಮೀ. + 1 ಪಿಪಿಎಂ. ಮಣ್ಣಿನ ಕೆಲಸ, ಬಡಾವಣೆಯ ರಸ್ತೆ, ಚರಂಡಿ, ನಿವೇಶನದ ಗಡಿಗೆ ಇದಕ್ಕಿಂತ ವೇಗದ್ದು ಇಲ್ಲ. ಸರ್ವೆ ಆಫ್ ಇಂಡಿಯಾದ ಕೋರ್ಸ್ (CORS, ಸದಾ ನಡೆಯುವ ಸ್ಥಿರ ಬೇಸ್‌ಗಳ) ಜಾಲಕ್ಕೆ ನೋಂದಾಯಿಸಿಕೊಂಡರೆ ಸ್ವಂತ ಬೇಸ್ ಇಲ್ಲದೆಯೂ ಕೆಲಸ ನಡೆಯುತ್ತದೆ, ಮೊಬೈಲ್ ಡೇಟಾ ಸಿಗುವ ಕಡೆ. ಸಿಗದ ಕಡೆ ಬೇಸ್ ಜೊತೆ ಯುಎಚ್‌ಎಫ್ ರೇಡಿಯೊ ಬೇಕು, ಅದಕ್ಕೆ ಡಬ್ಲ್ಯುಪಿಸಿ (ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ) ಪರವಾನಗಿ ಬೇಕು. ಎತ್ತರದ ವಿಷಯದಲ್ಲಿ ಎಚ್ಚರ: ರೋವರ್ ಮೂಲತಃ ಕೊಡುವುದು ಎಲಿಪ್ಸಾಯ್ಡ್ (ಭೂಮಿಯ ಗಣಿತದ ಆಕಾರ) ಮೇಲಿನ ಎತ್ತರ, ಬೆಂಗಳೂರಿನಲ್ಲಿ ಅದಕ್ಕೂ ಸಮುದ್ರ ಮಟ್ಟದ ಎತ್ತರಕ್ಕೂ 80 ಮೀಟರ್ ಮೀರಿದ ಅಂತರವಿದೆ. ಈ ಅಂತರವನ್ನು ತಿದ್ದುವ ಜಿಯಾಯ್ಡ್ ಮಾದರಿ ಹಾಕಿದರೂ ಹತ್ತಿರದ ಬೆಂಚ್‌ಮಾರ್ಕ್‌ಗೆ ಹೊಂದಿಸದೆ ಚರಂಡಿಯ ಇಳಿಜಾರು ಕೊಡಬೇಡಿ. ಕಾಲಂ, ಆಂಕರ್ ಬೋಲ್ಟ್‌ಗೆ ರೋವರ್ ಬೇಡವೇ ಬೇಡ.

ನೆಲದ ಮೇಲೆ ಗೆರೆಯನ್ನೇ ಮುದ್ರಿಸುವ ಎಚ್‌ಪಿ ಸೈಟ್‌ಪ್ರಿಂಟ್‌ನಂಥ ಯಂತ್ರಗಳ ಬಗ್ಗೆಯೂ ಈಗ ವಿಚಾರಿಸುವವರಿದ್ದಾರೆ. ಅದಕ್ಕೆ ದಾರಿ ತೋರಿಸಲು ರೋಬೋಟಿಕ್ ಟೋಟಲ್ ಸ್ಟೇಷನ್ ಬೇಕೇ ಬೇಕು, ನೆಲ ಗುಡಿಸಿ ಒಣಗಿರಬೇಕು. ದೊಡ್ಡ ಆಸ್ಪತ್ರೆ, ಐಟಿ ಕಟ್ಟಡಗಳ ಒಳಗೋಡೆಗೆ ಯೋಚಿಸಬಹುದು, ಮೊದಲ ಖರೀದಿಯಾಗಿ ಅಲ್ಲ.

ಸಾಫ್ಟ್‌ವೇರ್: ಇಲ್ಲಿಯೇ ಹೆಚ್ಚು ಹೊತ್ತು ಕೊಡಿ

ಎರಡು ದಾರಿ ಇವೆ. ಒಂದು, ಉಪಕರಣ ತಯಾರಿಸಿದವರದೇ ಸಾಫ್ಟ್‌ವೇರ್. ಲೈಕಾದಲ್ಲಿ ಸರ್ವೇಯರ್‌ಗಳಿಗೆ ಕ್ಯಾಪ್ಟಿವೇಟ್, ಕಟ್ಟಡದವರಿಗೆ ಐಕಾನ್ ಬಿಲ್ಡ್. ಟ್ರಿಂಬಲ್‌ನಲ್ಲಿ ಸರ್ವೆಗೆ ಆ್ಯಕ್ಸೆಸ್, ಕಟ್ಟಡಕ್ಕೆ ಫೀಲ್ಡ್‌ಲಿಂಕ್, ಮಣ್ಣಿನ ಕೆಲಸಕ್ಕೆ ಸೈಟ್‌ವರ್ಕ್ಸ್. ಟಾಪ್‌ಕಾನ್, ಸೊಕಿಯಾಗೆ ಮ್ಯಾಗ್ನೆಟ್ ಫೀಲ್ಡ್. ಇವುಗಳಲ್ಲಿ ಲಾಕ್ (ಪ್ರಿಸಮ್ಮನ್ನು ಬಿಡದೆ ಹಿಡಿಯುವುದು), ಹುಡುಕಾಟ, ಪ್ರಿಸಂ ಪಟ್ಟಿ ಎಲ್ಲವೂ ಉಪಕರಣದೊಂದಿಗೆ ಬಿಗಿಯಾಗಿ ಹೊಂದಿರುತ್ತವೆ. ಕೆಟ್ಟರೆ ಕೇಳಲು ಒಂದೇ ಬಾಗಿಲು. ಆದರೆ ಮುಂದೆ ಬೇರೆ ಕಂಪನಿಯ ಉಪಕರಣ ತಂದರೆ ತಂಡ ಮತ್ತೆ ಮೊದಲಿನಿಂದ ಕಲಿಯಬೇಕು.

ಇನ್ನೊಂದು, ಹಲವು ಕಂಪನಿಗಳ ಉಪಕರಣ ನಡೆಸುವ ಸಾಫ್ಟ್‌ವೇರ್: ಮೈಕ್ರೋಸರ್ವೆಯ ಫೀಲ್ಡ್‌ಜೀನಿಯಸ್, ಕಾರ್ಲ್‌ಸನ್‌ನ ಸರ್ವ್‌ಪಿಸಿ ಮುಂತಾದವು. ಹಳೆಯ ಕೈ ಉಪಕರಣ, ಬಾಡಿಗೆಗೆ ತರುವ ರೋಬೋಟಿಕ್, ಇನ್ನೊಂದು ಕಂಪನಿಯ ರೋವರ್ ಹೀಗೆ ಮಿಶ್ರ ಸಂಸಾರ ಇರುವವರಿಗೆ ಇದು ದೊಡ್ಡ ಅನುಕೂಲ. ‘ಸಪೋರ್ಟ್ ಇದೆ’ ಎಂಬ ಮಾತಿಗೆ ತೃಪ್ತರಾಗಬೇಡಿ. ನಿಮ್ಮ ಮಾಡೆಲ್, ನಿಮ್ಮ ಫರ್ಮ್‌ವೇರ್‌ನಲ್ಲಿ ಮೋಟಾರ್ ತಿರುಗಿಸುವುದು, ಲಾಕ್, ಮತ್ತೆ ಹುಡುಕುವುದು ಮೂರೂ ನಡೆಯುತ್ತವೆಯೇ ಎಂದು ಕಣ್ಣಾರೆ ನೋಡಿ. ಕೆಲವು ಉಪಕರಣಗಳಲ್ಲಿ ಹೊರಗಿನ ಸಾಫ್ಟ್‌ವೇರ್‌ಗೆ ನಿಯಂತ್ರಣ ಕೊಡಲು ಪ್ರತ್ಯೇಕ ಲೈಸೆನ್ಸ್ ಕೊಳ್ಳಬೇಕು, ಅದು ಕೊಟೇಶನ್‌ನಲ್ಲಿ ಇರುವುದಿಲ್ಲ.

ಸರ್ವೇಯರ್ ಬಳಸುವುದೇ, ಫೋರ್‌ಮನ್ ಬಳಸುವುದೇ ಎಂಬುದರ ಮೇಲೂ ಆಯ್ಕೆ ನಿಂತಿದೆ. ಕ್ಯಾಪ್ಟಿವೇಟ್, ಆ್ಯಕ್ಸೆಸ್‌ಗಳಲ್ಲಿ ಟ್ರ್ಯಾವರ್ಸ್, ಕೋಡಿಂಗ್, ರಸ್ತೆ ಅಲೈನ್‌ಮೆಂಟ್ ಆಳವಾಗಿವೆ. ಐಕಾನ್ ಬಿಲ್ಡ್, ಫೀಲ್ಡ್‌ಲಿಂಕ್‌ಗಳಲ್ಲಿ ಮಾದರಿ ತೆರೆದು ಕಾಲಂ ಮುಟ್ಟಿದರೆ ಸಾಕು. ಐಎಫ್‌ಸಿ (ಕಟ್ಟಡದ ಮೂರು ಆಯಾಮದ ಡಿಜಿಟಲ್) ಮಾದರಿ ಬರುವ ಸೈಟ್‌ಗಳಿಗೆ ಎರಡನೆಯ ಬಗೆ ಹಿತ. ಬರೀ ಪಿಡಿಎಫ್ ಮತ್ತು ಆಟೋಕ್ಯಾಡ್ ಬರುವ ಸೈಟ್‌ಗೆ ಐಎಫ್‌ಸಿ ಹೆಸರಲ್ಲಿ ಹೆಚ್ಚು ಕೊಡಬೇಡಿ.

ಡ್ರಾಯಿಂಗ್ ಒಳಗೆ ಬರುವಾಗ ಕೆಡುವ ಜಾಗಗಳು ಗೊತ್ತಿರುವಂಥವೇ. ಆರ್ಕಿಟೆಕ್ಟ್ ಮಿ.ಮೀ.ನಲ್ಲಿ ಬರೆದದ್ದು ಸಾಫ್ಟ್‌ವೇರ್‌ನಲ್ಲಿ ಮೀಟರ್ ಆಗಿ ಸಾವಿರ ಪಟ್ಟು ಹಿಗ್ಗುತ್ತದೆ. ಬ್ಲಾಕ್ ಮತ್ತು ಎಕ್ಸ್‌ರೆಫ್ (ಬೇರೆ ಫೈಲಿನಿಂದ ಜೋಡಿಸಿದ ಡ್ರಾಯಿಂಗ್) ಒಳಗಿನ ಗೆರೆ ಕಾಣುವುದಿಲ್ಲ. ಸ್ಪ್ಲೈನ್ ಆಗಿ ಬಿಡಿಸಿದ ತಿರುವು ಆಯ್ಕೆಯಾಗುವುದಿಲ್ಲ. ಮೂಲಬಿಂದುವಿನಿಂದ ಲಕ್ಷಾಂತರ ಮೀಟರ್ ದೂರದ ಡ್ರಾಯಿಂಗ್ ತೆರೆದಾಗ ಟ್ಯಾಬ್ಲೆಟ್ ತೆವಳುತ್ತದೆ. ಆಫೀಸಿನಲ್ಲಿ ಒಬ್ಬರು ಗ್ರಿಡ್, ಕಾಲಂ ಅಂಚು, ಸೆಂಟರ್‌ಲೈನ್ ಮಾತ್ರ ಉಳಿಸಿ, ರಿವಿಷನ್ ಸಂಖ್ಯೆಯನ್ನು ಫೈಲಿನ ಹೆಸರಿನಲ್ಲೇ ಬರೆದು ಡಿಎಕ್ಸ್‌ಎಫ್ (ಡ್ರಾಯಿಂಗ್ ವಿನಿಮಯದ ಫೈಲ್) ಕಳಿಸುವ ವ್ಯವಸ್ಥೆ ಇಲ್ಲದಿದ್ದರೆ ಯಾವ ಸಾಫ್ಟ್‌ವೇರೂ ಕೈಹಿಡಿಯದು.

ಪ್ರಿಸಂ ಕಾನ್‌ಸ್ಟಂಟ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಲೈಕಾ ತನ್ನ ದುಂಡು ಪ್ರಿಸಮ್ಮನ್ನು 0 ಎಂದು ಕರೆಯುತ್ತದೆ, ಬೇರೆ ಕಂಪನಿಗಳ ಲೆಕ್ಕದಲ್ಲಿ ಅದೇ −34.4 ಮಿ.ಮೀ. ಲೈಕಾದ್ದೇ 360 ಡಿಗ್ರಿ ಪ್ರಿಸಂ ಹಾಕಿ ಪಟ್ಟಿಯಲ್ಲಿ ದುಂಡನ್ನು ಆರಿಸಿದರೆ ಪ್ರತಿ ದೂರದಲ್ಲೂ 23.1 ಮಿ.ಮೀ. ತಪ್ಪು. ಬಾಡಿಗೆ ಉಪಕರಣಕ್ಕೆ ಸ್ವಂತ ಪ್ರಿಸಂ ಸಿಕ್ಕಿಸಿದಾಗ ಇದು ಮೇಲಿಂದ ಮೇಲೆ ಆಗುತ್ತದೆ. ಲೇಔಟ್ ಪರದೆಯಲ್ಲೇ ಪ್ರಿಸಮ್ಮಿನ ಹೆಸರು ಮತ್ತು ಅಂಕಿ ತೋರಿಸುವ ಸಾಫ್ಟ್‌ವೇರ್ ಇದ್ದರೆ ಅದಕ್ಕೆ ಒಂದು ಅಂಕ ಹೆಚ್ಚು ಕೊಡಿ.

ಹಣ ಕೊಡುವ ಮೊದಲು ಸೈಟ್‌ನಲ್ಲಿ

ಶೋರೂಮಿನ ಡೆಮೊ ಒಪ್ಪಬೇಡಿ. ನಿಮ್ಮ ಸ್ಲ್ಯಾಬ್ ಮೇಲೆ, ನಿಮ್ಮ ಡಿಎಕ್ಸ್‌ಎಫ್ ಹಾಕಿಸಿ. ನಾಲ್ಕು ಕಂಟ್ರೋಲ್ ಪಾಯಿಂಟಿನಿಂದ ರಿಸೆಕ್ಷನ್ (ಅವುಗಳನ್ನು ನೋಡಿ ಉಪಕರಣ ನಿಂತ ಜಾಗ ಕಂಡುಹಿಡಿಯುವುದು) ಮಾಡಿಸಿ. ಪಾಯಿಂಟುಗಳು ಸುತ್ತ ಹರಡಿರಲಿ, ಎಲ್ಲವೂ ಒಂದೇ ದಿಕ್ಕಿನಲ್ಲಿದ್ದರೆ ಉಳಿಕೆ ತಪ್ಪು ಚಿಕ್ಕದಾಗಿ ತೋರಿದರೂ ನಿಂತ ಜಾಗ ಸರಿಯಾಗಿರುವುದಿಲ್ಲ. ಒಂದು ಪಾಯಿಂಟಿನ ಅಂಕಿಯನ್ನು ಬೇಕೆಂದೇ 20 ಮಿ.ಮೀ. ತಪ್ಪಾಗಿ ಕೊಟ್ಟು, ಸಾಫ್ಟ್‌ವೇರ್ ಯಾವುದು ಕೆಟ್ಟದ್ದೆಂದು ಎತ್ತಿ ತೋರಿಸುತ್ತದೆಯೇ, ಸುಮ್ಮನೆ ಹಂಚಿಬಿಡುತ್ತದೆಯೇ ನೋಡಿ. ಈ ಒಂದು ಪರೀಕ್ಷೆ ಬ್ರೋಷರಿನ ಹತ್ತು ಪುಟಕ್ಕಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಇಪ್ಪತ್ತು ಪಾಯಿಂಟ್ ಗುರುತು ಹಾಕಿ, ಉಪಕರಣವನ್ನು ಬೇರೆ ಜಾಗಕ್ಕೆ ಸರಿಸಿ ಮತ್ತೆ ಓದಿಸಿ. ಕಾಲಂ ಕಂಬಿಗಳ ಹಿಂದೆ ನಡೆದು ಹೊರಬಂದು ಲಾಕ್ ವಾಪಸಾಗಲು ಎಷ್ಟು ಸೆಕೆಂಡ್ ಬೇಕೆಂದು ಎಣಿಸಿ. ಹತ್ತಿರದಲ್ಲಿ ಇನ್ನೊಂದು ಪ್ರಿಸಂ ಇಡಿ. ಕಾಂಕ್ರೀಟ್ ಪಂಪ್ ನಡೆಯುತ್ತಿರುವಾಗ ಅದೇ ಸ್ಲ್ಯಾಬ್ ಮೇಲೆ ನಿಲ್ಲಿಸಿ, ಕಾಂಪೆನ್ಸೇಟರ್ (ಉಪಕರಣದ ಓರೆಯನ್ನು ಅಳೆದು ತಿದ್ದುವ ಭಾಗ) ಎಚ್ಚರಿಕೆ ಕೊಡುತ್ತದೆಯೇ ನೋಡಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಟ್ಯಾಬ್ಲೆಟ್ ಪರದೆ ಓದಲಾಗುತ್ತದೆಯೇ, ಕಾದು ಆಫ್ ಆಗುತ್ತದೆಯೇ? ಕೊನೆಗೆ ವಿನ್ಯಾಸದ ಅಂಕಿ, ಹಾಕಿದ ಅಂಕಿ, ವ್ಯತ್ಯಾಸ ಮೂರೂ ಇರುವ ವರದಿ ನೀವೇ ಹೊರತೆಗೆಯಿರಿ, ಅವರ ಎಂಜಿನಿಯರ್ ಕೈಯಿಂದ ಬೇಡ.

ಯಾರಿಗೆ ಯಾವುದು

ವರ್ಷಕ್ಕೆ ಎರಡು ಮೂರು ಸಣ್ಣ ಕಟ್ಟಡ ಕಟ್ಟುವವರು ಇರುವ ಕೈ ಉಪಕರಣಕ್ಕೆ ಬಹುಕಂಪನಿ ಸಾಫ್ಟ್‌ವೇರ್, ಟ್ಯಾಬ್ಲೆಟ್, ಮಿನಿ ಪ್ರಿಸಂ ಸೇರಿಸಿಕೊಳ್ಳಿ. ಪಾಯದ ವಾರಗಳಲ್ಲಿ ರೋಬೋಟಿಕ್ ಬಾಡಿಗೆಗೆ ತನ್ನಿ. ಎಂಇಪಿ, ಇಂಟೀರಿಯರ್ ಗುತ್ತಿಗೆದಾರರಿಗೆ ಲೇಔಟ್ ರೋಬೋಟ್ ಸರಿಯಾದ ಜೋಡಿ, ಮುಖ್ಯ ಗುತ್ತಿಗೆದಾರರ ಕಂಟ್ರೋಲ್ ಪಾಯಿಂಟುಗಳು ಲಿಖಿತವಾಗಿ ಸಿಗುವುದಾದರೆ. ಎತ್ತರದ ಟವರ್, ಸ್ಟೀಲ್ ಕಟ್ಟಡ, ಮೆಟ್ರೊದಂಥ ಕೆಲಸಕ್ಕೆ ಪೂರ್ಣ ರೋಬೋಟಿಕ್. ಕಟ್ಟಡವಷ್ಟೇ ಇದ್ದರೆ ಎರಡು ಸೆಕೆಂಡಿನದು ಸಾಕು, ದೂರದ ಕಂಟ್ರೋಲ್ ಮತ್ತು ನಿಗಾ ಇದ್ದರೆ ಒಂದು ಸೆಕೆಂಡು. ಬಡಾವಣೆ, ರಸ್ತೆ ಮಾಡುವವರು ಮೊದಲು ರೋವರ್ ಕೊಂಡು, ಸೇತುವೆ ಮೋರಿಗಳಿಗೆ ಕೈ ಉಪಕರಣ ಇಟ್ಟುಕೊಳ್ಳಬಹುದು. ಕರಾವಳಿ, ಮಲೆನಾಡಿನ ಮಳೆಯಲ್ಲಿ ದುಡಿಯುವವರು ಧೂಳು, ನೀರು ತಡೆಯುವ ಮಟ್ಟ ಹೇಳುವ ಐಪಿ55ಕ್ಕೂ ಐಪಿ65ಕ್ಕೂ ಇರುವ ಬೆಲೆ ವ್ಯತ್ಯಾಸವನ್ನು ಕೊಟ್ಟೇ ಬಿಡಿ.

ಬಾಡಿಗೆಯೋ ಖರೀದಿಯೋ ಎಂಬುದಕ್ಕೆ ಲೆಕ್ಕ ಸರಳ. ಕೊಳ್ಳುವ ಬೆಲೆಯಲ್ಲಿ ಐದು ವರ್ಷದ ನಂತರದ ಮಾರಾಟ ಬೆಲೆ ಕಳೆದು 60ರಿಂದ ಭಾಗಿಸಿ. ಅದಕ್ಕೆ ತಿಂಗಳ ಲೆಕ್ಕದಲ್ಲಿ ವಿಮೆ, ವಾರ್ಷಿಕ ಕ್ಯಾಲಿಬ್ರೇಶನ್, ಸಾಫ್ಟ್‌ವೇರ್ ಚಂದಾ, ಸಾಲದ ಬಡ್ಡಿ ಸೇರಿಸಿ. ಬಂದ ಮೊತ್ತವನ್ನು ಬಾಡಿಗೆಯ ದಿನದರದಿಂದ ಭಾಗಿಸಿದರೆ ತಿಂಗಳಿಗೆ ಎಷ್ಟು ದಿನ ಉಪಕರಣ ಕೆಲಸ ಮಾಡಿದರೆ ಖರೀದಿ ಗಿಟ್ಟುತ್ತದೆ ಎಂದು ಸಿಗುತ್ತದೆ. ಉಪಕರಣ ಕಾರಿನ ಡಿಕ್ಕಿಯಲ್ಲಿ ಮಲಗುವ ದಿನಗಳನ್ನು ಪ್ರಾಮಾಣಿಕವಾಗಿ ಎಣಿಸಿ. ವಿದೇಶದ ಸೆಕೆಂಡ್‌ಹ್ಯಾಂಡ್ ಅಗ್ಗ ಕಂಡರೂ, ರೇಡಿಯೊ ಇರುವ ಉಪಕರಣಕ್ಕೆ ಇಟಿಎ (ವೈರ್‌ಲೆಸ್ ಉಪಕರಣದ ಮಾದರಿಗೆ ಸರ್ಕಾರ ಕೊಡುವ) ಅನುಮೋದನೆ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ.

ಖರೀದಿ ಆದೇಶದಲ್ಲಿ ಇವನ್ನು ಬರೆಸಿ: ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ಕ್ಯಾಲಿಬ್ರೇಶನ್ ಪ್ರಮಾಣಪತ್ರ, ರಿಪೇರಿಗೆ ಹೋದಾಗ ಬದಲಿ ಉಪಕರಣ ಎಷ್ಟು ದಿನದಲ್ಲಿ, ಸರ್ವಿಸ್ ಸೆಂಟರ್ ಯಾವ ಊರಿನಲ್ಲಿ, ಎರಡು ಹೆಚ್ಚುವರಿ ಬ್ಯಾಟರಿ, ಸೈಟ್‌ನಲ್ಲೇ ಎರಡು ದಿನದ ತರಬೇತಿ. ಸಾಫ್ಟ್‌ವೇರ್ ಚಂದಾ ಮುಗಿದ ದಿನ ಹಳೆಯ ಜಾಬ್‌ಗಳು ತೆರೆಯುತ್ತವೆಯೇ, ಕಚ್ಚಾ ಓದುಗಳನ್ನು ಹೊರತೆಗೆಯಬಹುದೇ ಎಂಬುದನ್ನೂ ಅದೇ ಪುಟದಲ್ಲಿ ಲಿಖಿತವಾಗಿ ಪಡೆಯಿರಿ.